ನಿರ್ದೇಶಕರ ಸಹಿ, ರೈತರ ಪಹಣಿ

ರೈತ ಉತ್ಪಾದಕ ಕಂಪನಿಗಳು ಬಂದ ಮೇಲೆ ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಹೊಸ ಪದವಿ ಹುಟ್ಟಿಕೊಂಡಿದೆ. ಮುಂಗಾರಿಗೆ ಆಲೂಗಡ್ಡೆ ಬಿತ್ತುವವರು, ಶುಂಠಿ ಮಡಿ ಮಾಡುವವರು, ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪಿನ ಬೇಲು ಸಾಗಿಸುವವರು ಈಗ ಕಂಪನಿ ನಿರ್ದೇಶಕರೂ ಆಗುತ್ತಿದ್ದಾರೆ. ದೇಶದಲ್ಲಿ 10,000 ರೈತ ಉತ್ಪಾದಕ ಸಂಸ್ಥೆ ಕಟ್ಟುವ ಯೋಜನೆಗೆ ಕೇಂದ್ರ ಸರ್ಕಾರ 2020ರ ಫೆಬ್ರವರಿಯಲ್ಲಿ ಚಾಲನೆ ಕೊಟ್ಟಿತು. ಅದಕ್ಕೆ 6,865 ಕೋಟಿ ರೂಪಾಯಿ ತೆಗೆದಿರಿಸಿತು. ಕಾನೂನಿನ ಪ್ರಕಾರ ಇಂಥ ಕಂಪನಿಗೆ ಕನಿಷ್ಠ ಐವರು, ಗರಿಷ್ಠ ಹದಿನೈದು ನಿರ್ದೇಶಕರು. ಊರಿನಲ್ಲಿ ನಾಲ್ಕು ಜನ ಮಾತು ಕೇಳುವವರನ್ನೇ ಹುಡುಕಿ ಬೋರ್ಡಿಗೆ ಹಾಕುತ್ತಾರೆ. ಮೊದಲ ಸಭೆ, ಹಾರ, ಫೋಟೋ ಎಲ್ಲ ಮುಗಿದ ಮೇಲೆ ಮನೆಯವರು ಕೇಳುವ ಪ್ರಶ್ನೆ ಒಂದೇ: ಕಂಪನಿ ಮುಳುಗಿದರೆ ನಮ್ಮ ಜಮೀನು ಹೋಗುತ್ತದೆಯೇ?

ಹೋಗುವುದಿಲ್ಲ. ಆದರೆ ಆ ಉತ್ತರಕ್ಕೆ ಒಂದು ಬಾಲವಿದೆ: ನೀವಾಗಿ ಜಾಮೀನು ಬರೆದುಕೊಡದಿದ್ದರೆ, ಮತ್ತು ಮೋಸ ಮಾಡದಿದ್ದರೆ. ಈ ಎರಡರಲ್ಲಿ ಜನ ಹೆದರುವುದು ಎರಡನೆಯದಕ್ಕೆ. ಪ್ರಾಮಾಣಿಕರ ಮನೆ ಮುರಿಯುವುದು ಮೊದಲನೆಯದರಿಂದ. ನಾನು ಇಲ್ಲಿ ಹೆಚ್ಚು ಹೇಳಬೇಕಾದದ್ದೂ ಅದನ್ನೇ.

ಕಾನೂನಿನ ಕಣ್ಣಿನಲ್ಲಿ ಕಂಪನಿ ಬೇರೆಯೇ ಒಬ್ಬ ವ್ಯಕ್ತಿ. ಅದರ ಆಸ್ತಿ ಅದರದು, ಸಾಲವೂ ಅದರದೇ. ನಿಮ್ಮ ಹೊಲಕ್ಕೂ ಪಕ್ಕದವರ ಹೊಲಕ್ಕೂ ನಡುವೆ ಬದು ಇರುವಂತೆ ಕಂಪನಿಯ ಸಾಲಕ್ಕೂ ನಿಮ್ಮ ಮನೆಗೂ ನಡುವೆ ಒಂದು ಗೆರೆ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನ ಆರನ್ ಸಾಲೋಮನ್ ಎಂಬ ಬೂಟು ತಯಾರಕನ ಮೊಕದ್ದಮೆಯಲ್ಲಿ ಈ ಗೆರೆ ಗಟ್ಟಿಯಾಯಿತು. ಅವನ ಕಂಪನಿಯಲ್ಲಿ ಅವನು, ಹೆಂಡತಿ ಮತ್ತು ಐವರು ಮಕ್ಕಳನ್ನು ಬಿಟ್ಟರೆ ಬೇರೆ ಯಾರೂ ಷೇರುದಾರರಿರಲಿಲ್ಲ. 20,007 ಷೇರುಗಳಲ್ಲಿ 20,001 ಅವನವೇ. ಕಂಪನಿ ದಿವಾಳಿಯಾದಾಗ ಸಾಲ ಕೊಟ್ಟವರು, ಇದು ಬರೀ ಹೆಸರಿನ ಕಂಪನಿ, ಸಾಲೋಮನ್ನನೇ ತೀರಿಸಲಿ ಎಂದರು. ಬ್ರಿಟನ್ನಿನ ಲಾರ್ಡ್ಸ್ ಸಭೆ ಒಪ್ಪಲಿಲ್ಲ. ಕಾನೂನುಬದ್ಧವಾಗಿ ನೋಂದಣಿಯಾದ ಕಂಪನಿ, ಅದರ ಹಿಂದಿರುವವನು ಒಬ್ಬನೇ ಆದರೂ, ಅವನಿಂದ ಬೇರೆ ಎಂದಿತು. ನಮ್ಮ ಕಂಪನಿ ಕಾಯ್ದೆ ಇಂದಿಗೂ ನಿಂತಿರುವುದು ಆ ತೀರ್ಪಿನ ಮೇಲೆ.

ಈ ರಕ್ಷಣೆ ನಮ್ಮ ಹಳ್ಳಿಗಳಿಗೆ ಮೊದಲಿನಿಂದ ಇದ್ದದ್ದಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯಲ್ಲಿ ಗ್ರಾಮೀಣ ಸಂಘಗಳ ಸದಸ್ಯರಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆ. ಸಂಘ ಸಾಲ ತೀರಿಸದಿದ್ದರೆ ಪ್ರತಿಯೊಬ್ಬ ಸದಸ್ಯನ ಇಡೀ ಆಸ್ತಿಯೂ ಅದಕ್ಕೆ ಹೊಣೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಆ ಕಾಯ್ದೆಯ ದಿನಗಳಲ್ಲೇ. ಒಬ್ಬರನ್ನೊಬ್ಬರು ಬಲ್ಲ ಊರಿನಲ್ಲಿ, ಪಕ್ಕದ ಮನೆಯವನ ಸಾಲಕ್ಕೆ ತನ್ನ ಎತ್ತು, ಹೊಲವನ್ನೂ ಪಣಕ್ಕಿಟ್ಟು ಸೇರಿದವರು ಅವರು. ಆ ಧೈರ್ಯಕ್ಕೆ ನನ್ನ ನಮಸ್ಕಾರ. ಇಂದಿನ ರೈತ ಉತ್ಪಾದಕ ಕಂಪನಿಯ ಸದಸ್ಯನಿಗೆ ಆ ಭಯವಿಲ್ಲ. ಅವನು ಕಳೆದುಕೊಳ್ಳಬಹುದಾದದ್ದು ಷೇರಿನ ಹಣ ಮಾತ್ರ. ನಿರ್ದೇಶಕನೂ ಮೂಲತಃ ಅಷ್ಟೇ ಸುರಕ್ಷಿತ. ಅವನು ಬ್ಯಾಂಕಿನ ಮೇಜಿನ ಮುಂದೆ ಕೂರುವವರೆಗೆ.

ಕರ್ನಾಟಕ ಕಂಡ ಅತಿ ದೊಡ್ಡ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅದರ ಬೇರು ಹಾಸನ ಜಿಲ್ಲೆಗೂ ಬರುತ್ತದೆ. ಹೇಮಾವತಿ ದಂಡೆಯ ಗೊರೂರಿನಲ್ಲಿ ಬೆಳೆದು, ಸೇನೆ ಬಿಟ್ಟ ಮೇಲೆ ಜಾವಗಲ್ ಬಳಿ ಬೇಸಾಯ ಮಾಡಿದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಡೆಕ್ಕನ್ ಏವಿಯೇಷನ್ ಕಟ್ಟಿದರು. 2003ರಲ್ಲಿ ಅದರಿಂದ ಏರ್ ಡೆಕ್ಕನ್ ಹಾರಿತು. 2007ರಲ್ಲಿ ವಿಜಯ್ ಮಲ್ಯರ ಯುಬಿ ಸಮೂಹ ಅದರ 26 ಶೇಕಡಾ ಷೇರನ್ನು 550 ಕೋಟಿ ರೂಪಾಯಿಗೆ ಕೊಂಡಿತು. ಮರುವರ್ಷ ಮಲ್ಯರ ವಿಮಾನ ವ್ಯವಹಾರ ಡೆಕ್ಕನ್ ಏವಿಯೇಷನ್ ಒಳಗೆ ವಿಲೀನವಾಗಿ, ಆ ಕಂಪನಿಯ ಹೆಸರೇ ಕಿಂಗ್‌ಫಿಷರ್ ಏರ್‌ಲೈನ್ಸ್ ಆಯಿತು. ಅಂದರೆ ಮುಂದೆ ಬ್ಯಾಂಕುಗಳಿಗೆ ಸಾವಿರಾರು ಕೋಟಿ ಬಾಕಿ ಉಳಿಸಿಕೊಂಡು ನ್ಯಾಯಾಲಯದಲ್ಲಿ ನಿಂತ ಕಂಪನಿ, ಕಾಗದದ ಮೇಲೆ, ಗೊರೂರಿನವರು ಹುಟ್ಟಿಸಿದ ಅದೇ ಕಂಪನಿ. ಮಾಲೀಕರು ಬದಲಾದರು, ಹೆಸರು ಬದಲಾಯಿತು, ಕಂಪನಿ ಎಂಬ ವ್ಯಕ್ತಿ ಮುಂದುವರಿಯಿತು.

ನಷ್ಟದಲ್ಲಿದ್ದ ವಿಮಾನ ಕಂಪನಿಯ ಸಾಲವನ್ನು 2010ರಲ್ಲಿ ಬ್ಯಾಂಕುಗಳು ಮರುಹೊಂದಿಸಿದವು. ಆ ಹೊತ್ತಿನಲ್ಲಿ, ಡಿಸೆಂಬರ್ 21ರಂದು, ಎರಡು ಖಾತರಿ ಪತ್ರಗಳಾದವು: ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್‌ನದು ಒಂದು, ಮಲ್ಯರ ವೈಯಕ್ತಿಕ ಜಾಮೀನು ಇನ್ನೊಂದು. 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲಕ್ಕಿಳಿದವು. ಸಂಬಳ ಸಿಗದ ನೌಕರರು ಬೀದಿಗೆ ಬಂದರು. ಕರ್ನಾಟಕ ಹೈಕೋರ್ಟು 2016ರ ನವೆಂಬರಿನಲ್ಲಿ ಕಿಂಗ್‌ಫಿಷರ್ ಏರ್‌ಲೈನ್ಸ್ ಅನ್ನು, 2017ರ ಫೆಬ್ರವರಿಯಲ್ಲಿ ಖಾತರಿ ಕೊಟ್ಟಿದ್ದ ಹೋಲ್ಡಿಂಗ್ಸ್ ಕಂಪನಿಯನ್ನೂ ಸಮಾಪನಗೊಳಿಸಲು ಆದೇಶಿಸಿತು. ಅದರ ನಡುವೆ, 2017ರ ಜನವರಿ 19ರಂದು, ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 6,203 ಕೋಟಿ ರೂಪಾಯಿಯನ್ನು ವರ್ಷಕ್ಕೆ 11.5 ಶೇಕಡಾ ಬಡ್ಡಿಯೊಂದಿಗೆ ವಸೂಲು ಮಾಡಿಕೊಳ್ಳಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು.

ಮಲ್ಯ 2016ರ ಮಾರ್ಚಿನಲ್ಲೇ ದೇಶ ಬಿಟ್ಟಿದ್ದರು. ಆದರೂ ಆ ಸಹಿ ಅವರ ಬೆನ್ನು ಬಿಡಲಿಲ್ಲ. ಬೆಂಗಳೂರಿನ ಆದೇಶವನ್ನೇ ಹಿಡಿದು ಭಾರತೀಯ ಸ್ಟೇಟ್ ಬ್ಯಾಂಕ್ ನೇತೃತ್ವದ ಒಕ್ಕೂಟ ಲಂಡನ್ನಿನ ಹೈಕೋರ್ಟಿಗೆ ಹೋಯಿತು. 2021ರ ಜುಲೈ 26ರಂದು ಅಲ್ಲಿನ ನ್ಯಾಯಾಲಯ ಅವರನ್ನು ವ್ಯಕ್ತಿಯಾಗಿಯೇ ದಿವಾಳಿ ಎಂದು ಘೋಷಿಸಿತು. ಅವರ ಆಸ್ತಿ ಮಾರಿ ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ 14,131 ಕೋಟಿ ರೂಪಾಯಿ ಮರಳಿಸಲಾಗಿದೆ ಎಂದು 2024ರ ಡಿಸೆಂಬರಿನಲ್ಲಿ ಹಣಕಾಸು ಸಚಿವರು ಲೋಕಸಭೆಗೆ ತಿಳಿಸಿದರು. ಕೊಡಬೇಕಾದ್ದಕ್ಕಿಂತ ಹೆಚ್ಚು ವಸೂಲಾಗಿದೆ, ಲೆಕ್ಕ ಕೊಡಿಸಿ ಎಂದು 2025ರಲ್ಲಿ ಮಲ್ಯ ಕರ್ನಾಟಕ ಹೈಕೋರ್ಟಿನ ಬಾಗಿಲು ತಟ್ಟಿದರು. ಕ್ರಿಮಿನಲ್ ಮೊಕದ್ದಮೆಗಳು, ಗಡೀಪಾರಿನ ವಾದ, ಇವೆಲ್ಲ ಬೇರೆ ಕಥೆ. ನಾವು ಗಮನಿಸಬೇಕಾದದ್ದು ಇಷ್ಟು: ಬ್ಯಾಂಕುಗಳು ಸಾಲಕ್ಕಾಗಿ ಅವರ ಸ್ವಂತ ಆಸ್ತಿಗೆ ಕೈಹಾಕಲು ಅವರು ಕಂಪನಿಯ ಅಧ್ಯಕ್ಷರಾಗಿದ್ದದ್ದು ಸಾಲುತ್ತಿರಲಿಲ್ಲ. ಜಾಮೀನು ಪತ್ರ ಬೇಕಿತ್ತು. ಅದು ಬ್ಯಾಂಕುಗಳ ಕೈಯಲ್ಲಿತ್ತು. ಕಂಪನಿಯ ಬೀಜ ಬಿತ್ತಿ ಆಚೆ ಬಂದಿದ್ದವರ ಸಹಿ ಆ ಪತ್ರದ ಮೇಲೆ ಇರಲಿಲ್ಲ.

ಈ ಪ್ರಕರಣಕ್ಕೆ ಒಂದು ಉಪಕಥೆಯಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 2016ರಲ್ಲಿ ಉತ್ತರ ಪ್ರದೇಶದ ಪಿಲಿಭಿತ್ ಜಿಲ್ಲೆಯ ಸಣ್ಣ ರೈತರೊಬ್ಬರ ಖಾತೆಗಳನ್ನು ಬ್ಯಾಂಕು ತಡೆಹಿಡಿಯಿತು. ಕಾರಣ ಕೇಳಿದರೆ, ನೀವು ಮಲ್ಯರ ಸಾಲದ ಜಾಮೀನುದಾರರು ಎಂಬ ಉತ್ತರ. ಆತ ಮಲ್ಯರ ಮುಖವನ್ನೂ ನೋಡಿದವರಲ್ಲ. ಹೆಸರಿನ ಗೊಂದಲದಿಂದಾದ ತಪ್ಪು ಅದು. ಸುದ್ದಿಯಾದ ಮೇಲೆ ಬ್ಯಾಂಕು ಸರಿಪಡಿಸಿತು. ಜಾಮೀನುದಾರನ ಕಾಲಂನಲ್ಲಿ ಹೆಸರು ತಪ್ಪಾಗಿ ಬಿದ್ದಾಗಲೇ ಇಷ್ಟಾದರೆ, ಗೊತ್ತಿದ್ದೂ ಬರೆದಾಗ ಎಷ್ಟಾಗಬಹುದು?

ನಮ್ಮಲ್ಲಿ ಶೂರಿಟಿ ಹಾಕುವವರು ಮಾಡುವ ಒಂದು ಲೆಕ್ಕವಿದೆ. ಮೊದಲು ಸಾಲ ತೆಗೆದುಕೊಂಡವನನ್ನು ಹಿಡಿಯುತ್ತಾರೆ, ಅಲ್ಲಿ ಸಿಗದಿದ್ದರೆ ತಾನೇ ನನ್ನ ಹತ್ತಿರ ಬರುವುದು ಎಂದು. ಆ ಲೆಕ್ಕ ತಪ್ಪು. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಬೇರೆ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. 1968ರಲ್ಲಿ ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಕೆಳಗಿನ ನ್ಯಾಯಾಲಯ, ಮೊದಲು ಸಾಲಗಾರನಿಂದ ವಸೂಲಿ ಪ್ರಯತ್ನ ಮುಗಿಸಿ ಆಮೇಲೆ ಜಾಮೀನುದಾರನ ಬಳಿ ಹೋಗಿ ಎಂದಿತ್ತು. ಹಾಗೆ ಕಾಯಬೇಕಾದರೆ ಜಾಮೀನಿನ ಉದ್ದೇಶವೇ ಸೋಲುತ್ತದೆ ಎಂದು ಸುಪ್ರೀಂ ಕೋರ್ಟು ಆ ಷರತ್ತನ್ನು ಕಿತ್ತುಹಾಕಿತು. ಬ್ಯಾಂಕು ಮೊದಲ ದಿನವೇ ನಿಮ್ಮ ಮನೆಗೆ ನೋಟಿಸು ಕಳಿಸಬಹುದು.

ಇನ್ನೂ ಕಠಿಣವಾದದ್ದು ಮುಂದಿದೆ. 2016ರ ದಿವಾಳಿ ಸಂಹಿತೆಯಡಿ ಕಂಪನಿಯ ಪ್ರಕರಣ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಯಿತು ಎನ್ನಿ. ಈಗ ಅದಕ್ಕೆ ಕನಿಷ್ಠ ಒಂದು ಕೋಟಿ ರೂಪಾಯಿ ಬಾಕಿ ಇರಬೇಕು. ನ್ಯಾಯಮಂಡಳಿ ಅರ್ಜಿಯನ್ನು ಅಂಗೀಕರಿಸಿದೊಡನೆ ಕಂಪನಿಯ ಮೇಲಿನ ಎಲ್ಲ ವಸೂಲಿಗೂ ತಡೆ ಬೀಳುತ್ತದೆ. ಆ ತಡೆ ಜಾಮೀನುದಾರನಿಗೆ ಸಿಗುವುದಿಲ್ಲ. 2019ರ ಡಿಸೆಂಬರ್ 1ರಿಂದ ಜಾಮೀನುದಾರರ ಮೇಲೆಯೂ ಅದೇ ನ್ಯಾಯಮಂಡಳಿಯಲ್ಲಿ ಪ್ರತ್ಯೇಕ ದಿವಾಳಿ ಪ್ರಕ್ರಿಯೆ ಹೂಡಬಹುದು. ಇದನ್ನು ಪ್ರಶ್ನಿಸಿದ ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ 2021ರ ಮೇ 21ರಂದು ಸುಪ್ರೀಂ ಕೋರ್ಟು ಸರ್ಕಾರದ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಜೊತೆಗೆ, ಬೇರೊಬ್ಬರು ಕಂಪನಿಯನ್ನು ಕೊಂಡು ಅದರ ಸಾಲ ಅರ್ಧಕ್ಕೆ ಇತ್ಯರ್ಥವಾದರೂ ಜಾಮೀನುದಾರ ತಾನಾಗಿ ಬಿಡುಗಡೆಯಾಗುವುದಿಲ್ಲ ಎಂದಿತು. ಕಂಪನಿ ಹೊಸ ಒಡೆಯನ ಕೈಯಲ್ಲಿ ಸಾಲಮುಕ್ತವಾಗಿ ಓಡುತ್ತಿರುತ್ತದೆ. ಉಳಿದ ಅರ್ಧಕ್ಕೆ ಹಳೆಯ ನಿರ್ದೇಶಕನ ಮನೆ ಬಾಗಿಲಿಗೆ ನೋಟಿಸು ಬರುತ್ತದೆ.

ಬೋರ್ಡಿಗೆ ರಾಜೀನಾಮೆ ಕೊಟ್ಟೆ, ಇನ್ನು ನನಗೂ ಅದಕ್ಕೂ ಸಂಬಂಧವಿಲ್ಲ ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ರಾಜೀನಾಮೆಯಿಂದ ನಿರ್ದೇಶಕ ಸ್ಥಾನ ಹೋಗುತ್ತದೆ, ಜಾಮೀನು ಹೋಗುವುದಿಲ್ಲ. ವರ್ಷ ವರ್ಷ ನವೀಕರಣವಾಗುವ ಓವರ್‌ಡ್ರಾಫ್ಟಿನಂಥ ಸಾಲಕ್ಕೆ ಕೊಟ್ಟ ಜಾಮೀನನ್ನು ಬ್ಯಾಂಕಿಗೆ ನೋಟಿಸು ಕೊಟ್ಟು ಹಿಂಪಡೆಯಬಹುದು. ಅದೂ ಮುಂದಿನ ವ್ಯವಹಾರಗಳಿಗೆ ಮಾತ್ರ, ಮತ್ತು ಬರೆದುಕೊಟ್ಟ ಪತ್ರದಲ್ಲಿ ಆ ಹಕ್ಕನ್ನು ಬಿಟ್ಟುಕೊಟ್ಟಿರದಿದ್ದರೆ. ಅಂದಿನವರೆಗಿನ ಬಾಕಿ ತಲೆಯ ಮೇಲೆಯೇ ಇರುತ್ತದೆ. ಒಂದೇ ಸಲಕ್ಕೆ ಕೊಟ್ಟ ಅವಧಿ ಸಾಲವಾದರೆ ಹಿಂಪಡೆಯುವ ಪ್ರಶ್ನೆಯೇ ಇಲ್ಲ. ಜಾಮೀನುದಾರ ತೀರಿಕೊಂಡರೆ, ಅವನು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ವಾರಸುದಾರರು ಹೊಣೆ.

ಹಾಗಾದರೆ ಜಾಮೀನು ಕೊಡದ ನಿರ್ದೇಶಕ ಪೂರ್ತಿ ನಿಶ್ಚಿಂತನೇ? ಇಲ್ಲಿ ಬರುತ್ತದೆ ನಡತೆಯ ಪ್ರಶ್ನೆ. ದಿವಾಳಿ ಸಂಹಿತೆಯ 66ನೇ ಕಲಂನಲ್ಲಿ ಎರಡು ಮಾತುಗಳಿವೆ. ಸಾಲ ಕೊಟ್ಟವರನ್ನು ವಂಚಿಸಲೆಂದೇ ವ್ಯವಹಾರ ನಡೆಸಿದ್ದರೆ, ಅದರಲ್ಲಿ ತಿಳಿದು ಪಾಲ್ಗೊಂಡವರು ಸ್ವಂತ ಕಿಸೆಯಿಂದ ಕೊಡಬೇಕೆಂದು ನ್ಯಾಯಮಂಡಳಿ ಆದೇಶಿಸಬಹುದು. ಇದು ಮೊದಲನೆಯದು. ಎರಡನೆಯದಕ್ಕೆ ವಂಚನೆಯ ಉದ್ದೇಶವೇ ಬೇಕಿಲ್ಲ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗುವುದನ್ನು ತಪ್ಪಿಸುವ ದಾರಿಯಿಲ್ಲ ಎಂದು ನಿರ್ದೇಶಕನಿಗೆ ಗೊತ್ತಿತ್ತು, ಅಥವಾ ಗೊತ್ತಿರಬೇಕಿತ್ತು. ಆದರೂ ಸಾಲ ಕೊಟ್ಟವರ ನಷ್ಟ ತಗ್ಗಿಸಲು ಎಚ್ಚರ ವಹಿಸಲಿಲ್ಲ ಎಂದಾದರೆ ಸಾಕು, ಅವನು ಕಂಪನಿಗೆ ಹಣ ತುಂಬಬೇಕಾಗಬಹುದು. ಆಸ್ಟ್ರೇಲಿಯಾದ ಕಾನೂನು ಇನ್ನೂ ನೇರ: ತೀರಿಸುವ ಶಕ್ತಿ ಇಲ್ಲದ ಕಂಪನಿ ಹೊಸ ಸಾಲ ಮಾಡುವುದನ್ನು ತಡೆಯದ ನಿರ್ದೇಶಕ ಆ ಸಾಲಕ್ಕೇ ಹೊಣೆ. ಜರ್ಮನಿಯಲ್ಲಿ ಬಾಕಿ ತೀರಿಸಲಾಗದ ಸ್ಥಿತಿ ಬಂದರೆ ಮೂರು ವಾರದೊಳಗೆ ನಿರ್ದೇಶಕರೇ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು.

ಅರಕಲಗೂಡಿನ ಹೊಲಕ್ಕೇ ಇದನ್ನು ಇಳಿಸಿ ನೋಡೋಣ. ಒಂದು ಉತ್ಪಾದಕ ಕಂಪನಿ ಸದಸ್ಯರಿಗೆ ಹಂಚಲು ಬಿತ್ತನೆ ಆಲೂಗಡ್ಡೆ ತರಿಸಿತು ಎಂದುಕೊಳ್ಳಿ. ಮಳೆ ಹಿಡಿಯಿತು, ಅಂಗಮಾರಿ ಬಿತ್ತು, ಬೆಳೆ ಹೋಯಿತು, ಸದಸ್ಯರಿಂದ ಹಣ ಬರಲಿಲ್ಲ, ಬೀಜದ ವ್ಯಾಪಾರಿಗೆ ಬಾಕಿ ಉಳಿಯಿತು. ಇದಕ್ಕೆ ನಿರ್ದೇಶಕರು ಹೊಣೆಯಲ್ಲ. ವ್ಯವಹಾರದಲ್ಲಿ ನಷ್ಟವಾಗುವುದು ಅಪರಾಧವಲ್ಲ, ಕಾನೂನೂ ಹಾಗೆ ಹೇಳುವುದಿಲ್ಲ. ಆದರೆ ಬೆಳೆ ಹೋದದ್ದು ಗೊತ್ತಾದ ಮೇಲೆ, ಖಾತೆಯಲ್ಲಿ ಕಾಸಿಲ್ಲವೆಂದು ತಿಳಿದೂ, ಹೊಸ ಅಂಗಡಿಯಿಂದ ಗೊಬ್ಬರವನ್ನು ಉದ್ದರಿ ತಂದು ಮಾರಿ ಬಂದ ಹಣದಲ್ಲಿ ಅಧ್ಯಕ್ಷರ ತಮ್ಮನ ಹಳೆ ಬಾಕಿ ತೀರಿಸಿದರೆ? ಸಂಬಂಧಿಕರಿಗೆ ಹೀಗೆ ಪಕ್ಷಪಾತದಿಂದ ಕೊಟ್ಟ ಹಣವನ್ನು, ದಿವಾಳಿ ಪ್ರಕ್ರಿಯೆಗೆ ಹಿಂದಿನ ಎರಡು ವರ್ಷದವರೆಗೂ ಕೆದಕಿ, ನ್ಯಾಯಮಂಡಳಿ ವಾಪಸು ತರಿಸಬಹುದು. ಬೋರ್ಡಿನವರು ಆ ಗೊಬ್ಬರದಂಗಡಿಯ ನಷ್ಟಕ್ಕೂ ಉತ್ತರ ಕೊಡಬೇಕಾಗಬಹುದು. ಗೊಬ್ಬರದಂಗಡಿಯವನೂ ನಮ್ಮೂರಿನವನೇ, ಅವನಿಗೂ ಮಕ್ಕಳಿದ್ದಾರೆ ಎಂಬುದನ್ನು ನಾನು ಇಲ್ಲಿ ಒತ್ತಿ ಹೇಳುತ್ತೇನೆ. ಸೀಮಿತ ಹೊಣೆ ಅವನನ್ನು ಮುಳುಗಿಸಲು ಕೊಟ್ಟ ಪರವಾನಗಿಯಲ್ಲ.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಕಂಪನಿಯ ಚೆಕ್ಕು ಬೌನ್ಸಾದರೆ ಸಹಿ ಹಾಕಿದವರ ಮೇಲೂ, ವ್ಯವಹಾರ ನೋಡಿಕೊಳ್ಳುವ ನಿರ್ದೇಶಕರ ಮೇಲೂ ಕ್ರಿಮಿನಲ್ ಮೊಕದ್ದಮೆ ನಡೆಯುತ್ತದೆ. ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿದ್ದರೂ ನಿರ್ದೇಶಕರ ಮೇಲಿನ ಮೊಕದ್ದಮೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ನೌಕರರ ಸಂಬಳದಿಂದ ಕಡಿದ ಭವಿಷ್ಯನಿಧಿ ಹಣವನ್ನು ಕಟ್ಟದಿರುವುದು ನಂಬಿಕೆದ್ರೋಹದ ಅಪರಾಧ. ಪ್ರೈವೇಟ್ ಕಂಪನಿಯಿಂದ ಜಿಎಸ್‌ಟಿ ವಸೂಲಾಗದಿದ್ದರೆ, ತನ್ನ ಘೋರ ನಿರ್ಲಕ್ಷ್ಯ ಕಾರಣವಲ್ಲ ಎಂದು ನಿರ್ದೇಶಕನೇ ಸಾಬೀತು ಮಾಡಬೇಕು. ಜನರಿಂದ ಠೇವಣಿ ಎತ್ತಿ ಕೈಯೆತ್ತಿದವರ ಸ್ವಂತ ಆಸ್ತಿಯನ್ನೂ ಜಪ್ತಿ ಮಾಡಲು ಕರ್ನಾಟಕದ್ದೇ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇದೆ.

ಉತ್ಪಾದಕ ಕಂಪನಿಗಳ ವಿಚಾರಕ್ಕೇ ಬಂದರೆ ಕಂಪನಿ ಕಾಯ್ದೆಯಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಕಾನೂನಿಗೋ ಕಂಪನಿಯ ನಿಯಮಾವಳಿಗೋ ವಿರುದ್ಧವಾದ ನಿರ್ಣಯದ ಪರ ಮತ ಹಾಕಿದ ನಿರ್ದೇಶಕರು, ಅದರಿಂದ ಕಂಪನಿಗಾದ ನಷ್ಟವನ್ನು ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ತುಂಬಿಕೊಡಬೇಕು ಎನ್ನುತ್ತದೆ ಅದರ ಒಂದು ಕಲಂ. ಬಿಡಿಬಿಡಿಯಾಗಿ ಎಂದರೆ ಹತ್ತು ಜನರಲ್ಲಿ ಒಬ್ಬರ ಹತ್ತಿರ ಮಾತ್ರ ಆಸ್ತಿ ಇದ್ದರೆ ಪೂರ್ತಿ ಮೊತ್ತಕ್ಕೂ ಅವರನ್ನೇ ಹಿಡಿಯಬಹುದು. ಆದ್ದರಿಂದ ಸಭೆಯಲ್ಲಿ ಒಪ್ಪಿಗೆ ಇಲ್ಲದಿದ್ದರೆ ಮೌನವಾಗಿ ಎದ್ದು ಬರುವುದು ಸಾಲದು. ನಡಾವಳಿ ಪುಸ್ತಕದಲ್ಲಿ ವಿರೋಧ ಬರೆಸಬೇಕು, ಬರೆದದ್ದನ್ನು ಓದಿಸಿಕೊಳ್ಳಬೇಕು.

ಜಮೀನಿನ ಬಗ್ಗೆ ಒಂದು ಸಮಾಧಾನವಿದೆ, ಅದನ್ನು ಅಳತೆ ಮೀರಿ ನಂಬಬಾರದು. ನ್ಯಾಯಾಲಯದ ಮೆಟ್ಟಿಲು ಹತ್ತದೆ ಅಡಮಾನದ ಆಸ್ತಿಯನ್ನು ಬ್ಯಾಂಕು ವಶಕ್ಕೆ ಪಡೆಯುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಬೇಸಾಯಗಾರ ವಾಸವಿರುವ ಮನೆಯನ್ನೂ, ಉಳುಮೆಯ ಸಲಕರಣೆಗಳನ್ನೂ ಜಪ್ತಿಯಿಂದ ಹೊರಗಿಡುತ್ತದೆ. ಆದರೆ ಜಾಮೀನಿನ ಆಧಾರದ ಮೇಲೆ ಸಿವಿಲ್ ನ್ಯಾಯಾಲಯದಿಂದಲೋ, ಬಾಕಿ 20 ಲಕ್ಷ ಮುಟ್ಟಿದರೆ ಸಾಲ ವಸೂಲಾತಿ ನ್ಯಾಯಮಂಡಳಿಯಿಂದಲೋ ಆದೇಶ ಪಡೆದು ಜಮೀನನ್ನೇ ಜಪ್ತಿಗೆ ತರುವ ದಾರಿ ತೆರೆದೇ ಇದೆ. ಪಹಣಿಯ ಋಣಗಳ ಕಾಲಂ ತುಂಬಿತೆಂದರೆ ಬೆಳೆ ಸಾಲವೂ ಹುಟ್ಟುವುದು ಕಷ್ಟ.

ನನಗೆ ಹೆಚ್ಚು ಚಿಂತೆ ಹೆಣ್ಣುಮಕ್ಕಳದು. ಬೋರ್ಡಿನಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕೆಂದು ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಒಳ್ಳೆಯ ಮಾತು. ಆದರೆ ಎಷ್ಟೋ ಕಡೆ ಗಂಡ ಸಭೆಯಲ್ಲಿ ಮಾತಾಡುತ್ತಾನೆ, ಹೆಂಡತಿ ತೋರಿಸಿದ ಕಡೆ ಸಹಿ ಹಾಕುತ್ತಾಳೆ. ತವರಿನಿಂದ ಬಂದ ಒಂದೂವರೆ ಎಕರೆ ಅವಳ ಹೆಸರಿನಲ್ಲಿದ್ದರೆ ಜಾಮೀನಿಗೆ ಅದೇ ಮೊದಲು ಸಿಗುವುದು. ಅವಳು ಸಹಿ ಹಾಕಿದ ಪತ್ರ ಅವಳಿಗೆ ಬಾರದ ಇಂಗ್ಲಿಷಿನಲ್ಲಿರುತ್ತದೆ. ಓದಿರಲಿಲ್ಲ ಎಂಬ ವಾದ ನ್ಯಾಯಾಲಯದಲ್ಲಿ ಬಹು ದೂರ ನಡೆಯುವುದಿಲ್ಲ.

ಹಾಗೆಂದು ಕಂಪನಿ ಮಾಡಬೇಡಿ, ಬೋರ್ಡಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಒಬ್ಬೊಬ್ಬರೇ ಮಂಡಿಗೆ ಹೋಗಿ ದರಕ್ಕೆ ತಲೆಬಾಗುವುದಕ್ಕಿಂತ ಒಟ್ಟಾಗುವುದು ಸಾವಿರ ಪಾಲು ಮೇಲು. ಹೋಗುವವರು ಬ್ಯಾಂಕಿನಲ್ಲಿ ಮೊದಲು ಕೇಳಬೇಕಾದದ್ದು ಸಾಲ ಖಾತರಿ ನಿಧಿಯ ಬಗ್ಗೆ. ಆಸ್ತಿಯ ಆಧಾರವಿಲ್ಲದೆ ಉತ್ಪಾದಕ ಸಂಸ್ಥೆಗಳಿಗೆ ಸಾಲ ಸಿಗಲೆಂದೇ, ಒಂದು ಸಂಸ್ಥೆಗೆ 2 ಕೋಟಿ ರೂಪಾಯಿ ಯೋಜನಾ ಸಾಲದವರೆಗೆ, ಕೇಂದ್ರ ಆ ನಿಧಿ ಇಟ್ಟಿದೆ. ಆಮೇಲೂ ನಿರ್ದೇಶಕರ ಜಾಮೀನು ಬೇಕೇ ಬೇಕು ಎಂದರೆ, ಮೊತ್ತಕ್ಕೆ ಒಂದು ಮಿತಿ ಹಾಕಿಸಿ, ಯಾವ ಸಾಲಕ್ಕೆ ಎಂದು ಹೆಸರಿಸಿ, ಎಲ್ಲ ನಿರ್ದೇಶಕರ ಪಾಲನ್ನೂ ಬರೆಸಿ. ಇದನ್ನು ಕೇಳುವುದು ಹಕ್ಕು, ದರ್ಪವಲ್ಲ.

ನಬಾರ್ಡ್, ಹಾಸನದ ಲೀಡ್ ಬ್ಯಾಂಕು, ತೋಟಗಾರಿಕೆ ಮತ್ತು ಕೃಷಿ ಇಲಾಖೆಗಳು ನಿರ್ದೇಶಕರಿಗೆ ತರಬೇತಿ ಕೊಡುವಾಗ ಲೆಕ್ಕಪತ್ರ, ಮಾರುಕಟ್ಟೆ, ಪ್ಯಾಕಿಂಗ್ ಎಲ್ಲವನ್ನೂ ಹೇಳಿಕೊಡಲಿ. ಜೊತೆಗೆ ಒಂದು ಜಾಮೀನು ಪತ್ರವನ್ನು ಕನ್ನಡದಲ್ಲಿ ಸಾಲು ಸಾಲಾಗಿ ಓದಿ ಅರ್ಥ ಹೇಳಲಿ. ಸಹಿಗೆ ಕನಿಷ್ಠ ಒಂದು ವಾರ ಮೊದಲು ಆ ಪತ್ರದ ಕನ್ನಡ ಪ್ರತಿ ನಿರ್ದೇಶಕರ ಮನೆಗೆ ತಲುಪಲಿ, ಯಾರ ಜಮೀನು ಹೊಣೆಯಾಗುತ್ತದೋ ಅವರ ಕೈಗೇ ತಲುಪಲಿ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಬ್ಯಾಂಕು ಶಾಖೆಗಳಲ್ಲಿ ಇದನ್ನು ಬರುವ ಮುಂಗಾರಿನ ಸಾಲದ ಅರ್ಜಿಗಳಿಂದಲೇ ಆರಂಭಿಸಬಹುದು.